ಮೂವತ್ತೈದು ಪೊರೆಗಳು

ಹಲ್ಲುಜ್ಜುತ್ತಿರುವಾಗಲೇ ಅವಳಿಗೆ ಖಚಿತವಾಯಿತು: ಇವತ್ತು ತಾನು ಹೇಳುವುದಿಲ್ಲ. ಖಚಿತವಾದ ಕೂಡಲೇ ಮೈಯೆಲ್ಲ ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ನಾಚಿಕೆಯಾಗಿ, ಬಾಯಿ ಮುಕ್ಕಳಿಸಿ ಉಗಿದು, ಹಾಗಾದರೆ ಹೇಳಲೇಬೇಕು ಅಂದುಕೊಂಡಳು. ಒಂದು ವಾರದಿಂದ ದಿನವೂ ಹೀಗೇ ಶುರುವಾಗುತ್ತಿತ್ತು. ತಪ್ಪು ಮಾಡಿದವರ ಮುಖ ಹೇಗಿರುತ್ತದೆಂದು ಚಿಕ್ಕಂದಿನಿಂದ ಅವಳ ಮನಸ್ಸಿನಲ್ಲಿ ಒಂದು ಚಿತ್ರವಿತ್ತು. ಕನ್ನಡಿಯಲ್ಲಿದ್ದದ್ದು ಅದಲ್ಲ. ತುಟಿಯಂಚಿನ ನೊರೆಯೊಂದನ್ನು ಬಿಟ್ಟರೆ ಅದು ಅಚ್ಚುಕಟ್ಟಾದ, ನಲವತ್ತಮೂರು ವರ್ಷದ, ಯಾರು ಬೇಕಾದರೂ ನಂಬಬಹುದಾದ ಮುಖ. ಎಲ್ಲರೂ ನಂಬುತ್ತಾರೆ ಅನ್ನುವುದೇ ಇಷ್ಟಕ್ಕೆಲ್ಲ ಕಾರಣವಿರಬೇಕು.

ಅಡುಗೆಮನೆಯ ಮೇಜಿನ ಮೇಲೆ ನಿನ್ನೆಯ ಪತ್ರಿಕೆ ಬಿದ್ದಿತ್ತು. ಅದರ ಅಂಚಿನಲ್ಲಿ ಅವಳೇ ಗೀಚಿದ ಅಂಕಿಗಳನ್ನು ಗಂಡ ತಲೆ ಓರೆ ಮಾಡಿಕೊಂಡು ಓದುತ್ತಿದ್ದ. ಅವನದು ಔಷಧಿ ಅಂಗಡಿ. ಎಂಥ ಕೈಬರಹವನ್ನಾದರೂ ಓದಿಬಿಡುತ್ತಿದ್ದ.

"ಮೂವತ್ತೈದು, ಮೂವತ್ತೈದು, ಮೂವತ್ತೈದು. ಏನಿದು, ನನ್ನ ವಯಸ್ಸು ಕಮ್ಮಿ ಮಾಡಿ ಬರೀತಿದ್ದೀಯಾ?"

"ಏನಿಲ್ಲ ಕಣ್ರಿ."

"ನೀನು ಏನಿಲ್ಲ ಅಂದ್ರೆ ಏನೋ ಇದೆ ಅಂತ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕಲಿತಿರೋ ವಿದ್ಯೆ ಇದೊಂದೇ." ಅವನು ಬ್ರೆಡ್ಡಿನ ಚೂರನ್ನು ಚಹಾದಲ್ಲಿ ಅದ್ದಿದ. "ಹೇಳೋದಿದ್ರೆ ಹೇಳು. ಅಂಗಡಿ ತೆಗೆಯೋಕೆ ಇನ್ನೂ ಹತ್ತು ನಿಮಿಷ ಇದೆ."

ಹತ್ತು ನಿಮಿಷ ಧಾರಾಳವಾಗಿ ಸಾಕಿತ್ತು. ಆದರೆ ಅವಳ ಕಣ್ಣು ಅವನ ಬೆರಳುಗಳ ಮೇಲೆ ಹೋಯಿತು. ಆ ಬೆರಳುಗಳು ಅಂಗಡಿಯಲ್ಲಿ ಮಾತ್ರೆಗಳನ್ನು ತಟ್ಟೆಗೆ ಸುರಿದು ಐದೈದಾಗಿ ಸರಿಸುತ್ತಾ ಎಣಿಸುತ್ತವೆ. ಎಣಿಸಿ ಮುಗಿದ ಮೇಲೆ ಬಂದವರ ಕಣ್ಣೆದುರೇ ಇನ್ನೊಂದು ಸಲ ಎಣಿಸುತ್ತವೆ. ಎಷ್ಟೇ ಜನ ನಿಂತಿರಲಿ, ಯಾರೇ ಗೊಣಗಲಿ, ಎರಡನೇ ಎಣಿಕೆಯನ್ನು ಅವನು ಬಿಟ್ಟದ್ದನ್ನು ಅವಳು ಕಂಡಿಲ್ಲ. ಬೇರೆ ಯಾವ ಕಸುಬಿನವನಾಗಿದ್ದರೂ ಹೇಳಿಬಿಡುತ್ತಿದ್ದಳೇನೋ. "ಸಭೆ ಇದೆ, ಅಷ್ಟೇ," ಅಂದಳು. "ಓ, ಮೇಷ್ಟ್ರ ಹುಳದ್ದಾ? ಪಾಪದ ಹುಳ, ಅದಕ್ಕೆ ಗೊತ್ತೇ ಇಲ್ಲ ಇಷ್ಟೊಂದು ಜನ ಅದರ ಬಗ್ಗೆ ತಲೆ ಕೆಡಿಸ್ಕೊಂಡಿದ್ದಾರೆ ಅಂತ," ಎಂದು ನಕ್ಕು, ತಟ್ಟೆ ತೊಳೆದಿಟ್ಟು ಹೊರಟ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಿಕ್ಕಬಾರದಿತ್ತು, ನಿಂತಿದ್ದರೆ ಯೋಚನೆ ಇಷ್ಟು ಬೆಳೆಯುತ್ತಿರಲಿಲ್ಲ. ಹುಳಕ್ಕೆ ಲ್ಯಾಟಿನ್ನಿನಲ್ಲಿ ಬಸ್ಸಿನಷ್ಟೇ ಉದ್ದದ ಹೆಸರಿದೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಅನ್ನುವ ಜಾತಿಯೇ, ಆದರೆ ಮಕ್ಕಳ ಕಣ್ಣಿಗೆ ಬೀಳುವಂಥದ್ದಲ್ಲ. ಸೂರ್ಯ ಹುಟ್ಟುವ ಮುಂಚೆ ಸ್ವಲ್ಪ ಹೊತ್ತು, ಮುಳುಗಿದ ಮೇಲೆ ಸ್ವಲ್ಪ ಹೊತ್ತು, ಮರದ ತುದಿಗಿಂತ ಮೇಲೆ ಹಾರಿ ಮಾಯವಾಗುತ್ತದೆ. ನಲವತ್ತು ವರ್ಷಗಳ ಹಿಂದೆ ಅವಳ ಗುರು ಮೇಷ್ಟ್ರು ಅದನ್ನು ಮೊದಲು ಹಿಡಿದು ಇದು ಬೇರೆಯೇ ಎಂದು ತೋರಿಸಿಕೊಟ್ಟಿದ್ದರು. ಅಂದಿನಿಂದ ಅವಳ ವನ್ಯಜೀವಿ ಕಚೇರಿಯಲ್ಲಿ ಅದು ಮೇಷ್ಟ್ರ ಹುಳ. ಇಡೀ ಲೋಕದಲ್ಲಿ ಅದು ಇರುವುದು ಎರಡು ತೊರೆಗಳಲ್ಲಿ, ಮೇಲಿನ ತೊರೆ ಮತ್ತು ಕೆಳಗಿನ ತೊರೆ. ಹಾರುವುದನ್ನು ಎಣಿಸಲಾಗುವುದಿಲ್ಲವಾದ್ದರಿಂದ ಅದು ಬಿಟ್ಟುಹೋದ ಪೊರೆಯನ್ನು ಎಣಿಸಬೇಕು. ಎರಡು ವರ್ಷ ನೀರಿನ ತಳದಲ್ಲಿ ಮರಿಯಾಗಿದ್ದು, ಒಂದು ಮುಂಜಾನೆ ಮೇಲಿನ ತೊರೆಯ ಕಲ್ಲುಸೇತುವೆಯ ಕೆಳಗೆ ಗೋಡೆ ಹತ್ತಿ, ಬೆನ್ನು ಸೀಳಿಕೊಂಡು ಹೊರಬಂದು ಹಾರಿಹೋಗುತ್ತದೆ. ಕಂದು ಬಣ್ಣದ ಖಾಲಿ ಪೊರೆ, ಕಾಲು ಕಣ್ಣು ಎಲ್ಲ ಇದ್ದ ಹಾಗೇ, ಗೋಡೆಯನ್ನು ಅವುಚಿಕೊಂಡು ಉಳಿಯುತ್ತದೆ. ಒಂದು ಪೊರೆಯೆಂದರೆ ಆ ವರ್ಷ ಒಂದು ಜೀವ. ಎಣಿಕೆಯ ಮೊದಲ ಪಾಠವನ್ನು ಮೇಷ್ಟ್ರು ಅವಳಿಗೆ ಅದೇ ಸೇತುವೆಯ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ ನಿಂತು ಹೇಳಿದ್ದರು: "ಎಣಿಸಿದ್ದನ್ನ ಅಲ್ಲೇ ಬಿಡಬೇಡ ಕಣಮ್ಮ. ಕಿತ್ತು ಡಬ್ಬಿಗೆ ಹಾಕು. ಬಿಟ್ರೆ, ಸೇತುವೆ ಕೆಳಗೆ ಮಳೆಯಿಲ್ಲ ಗಾಳಿಯಿಲ್ಲ, ಮುಂದಿನ ವರ್ಷಾನೂ ಅದೇ ಎದ್ದು ಕೂತು ನಾನಿದ್ದೀನಿ ಅನ್ನುತ್ತೆ."

ಹನ್ನೊಂದು ವರ್ಷ ಅವಳು ಕಿತ್ತಿದ್ದಳು. ಹನ್ನೆರಡನೆಯ ವರ್ಷ, ಎಂದರೆ ಈಗ್ಗೆ ಮೂರು ವರ್ಷಗಳ ಹಿಂದೆ, ಎಣಿಕೆಗೆ ಹೋದ ದಿನ ಪಾಚಿಯ ಕಲ್ಲಿನ ಮೇಲೆ ಕಾಲಿಟ್ಟು ಜಾರಿದಳು. ಪೆಟ್ಟು ಅಂಥದ್ದೇನಲ್ಲ, ಮುರಿದದ್ದು ಮಣಿಕಟ್ಟಿನ ಒಂದು ಸಣ್ಣ ಎಲುಬು. ಆದರೆ ಬಿದ್ದ ರೀತಿ! ಎರಡು ಕಾಲೂ ಮೇಲೆ, ಟೋಪಿ ತೇಲಿಕೊಂಡು ಹೋಗುತ್ತಿದೆ, ಮೇಲೆ ಜೀಪಿನ ಪಕ್ಕದಲ್ಲಿ ಕಚೇರಿಯ ಡ್ರೈವರ್ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. "ಮೇಡಂ, ಹಿಡೀರಿ ಟೋಪಿ, ಅದೂ ಲೆಕ್ಕಕ್ಕೆ ಬರುತ್ತೆ!" ಅವನು ಒಳ್ಳೆಯವನೇ, ಆಮೇಲೆ ತನ್ನ ಕರವಸ್ತ್ರದಲ್ಲೇ ಕೈ ಕಟ್ಟಿದ. ಆದರೆ ವಾರದೊಳಗೆ ಕಚೇರಿಯಲ್ಲಿ ಅವಳ ಹೆಸರು ಮೀನಮ್ಮ ಎಂದಾಗಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಅವಳು ಒಳಗೆ ಬಂದಾಗ ನಿಲ್ಲುವ ಮಾತಿನ ಕೊನೆಯಲ್ಲಿ ಆ ಹೆಸರಿರುತ್ತಿತ್ತು. ಆ ವರ್ಷದ ಎಣಿಕೆಯನ್ನು ಅವಳು ಎದುರು ದಡದಲ್ಲಿ ಒಣ ನೆಲದ ಮೇಲೆ ನಿಂತು ದುರ್ಬೀನು ಹಿಡಿದು ಮುಗಿಸಿದಳು. ನಲವತ್ತೊಂದು. ನಮೂನೆಯಲ್ಲಿ ಎರಡು ಅಂಕಣಗಳು: ಎಣಿಸಿದ್ದು, ಕಿತ್ತದ್ದು. ಮೊದಲನೆಯದರಲ್ಲಿ ನಲವತ್ತೊಂದು ಎಂದು ಬರೆದ ಪೆನ್ನು ನಿಲ್ಲದೆ ಎರಡನೆಯದರಲ್ಲೂ ನಲವತ್ತೊಂದು ಎಂದು ಬರೆಯಿತು. ಕೈ ವಾಸಿಯಾದ ಮೇಲೆ ಹೋಗಿ ಕಿತ್ತರಾಯಿತು ಅಂದುಕೊಂಡಿದ್ದಳು. ವಾಸಿಯಾಯಿತು. ಹೋಗಲಿಲ್ಲ. ಮುಂದಿನ ವರ್ಷವೂ ಎದುರು ದಡ. ಅದರ ಮುಂದಿನ ವರ್ಷವೂ. ಮೂವತ್ತೆಂಟು. ಮೂವತ್ತೇಳು. ಈ ವರ್ಷ ಮೂವತ್ತೈದು. "ಸ್ವಲ್ಪ ಇಳಿಕೆ, ಒಟ್ಟಾರೆ ಸ್ಥಿರ" ಎಂದು ವರದಿಯಲ್ಲಿ ಬರೆದಿದ್ದಳು; ಒಳ್ಳೆಯ ವಾಕ್ಯವೆಂದು ಅನ್ನಿಸಿತ್ತು ಕೂಡ.

ಹೋದ ವಾರ ಸಭೆಗೆಂದು, ಎದುರು ದಡದಿಂದ ತೆಗೆದ ಗೋಡೆಯ ಫೋಟೋಗಳನ್ನು ಜೋಡಿಸುತ್ತಿದ್ದಾಗ ಹಿಂಗಾಲು ಮುರಿದ ಒಂದು ಪೊರೆ ಕಣ್ಣಿಗೆ ಬಿತ್ತು. ಬಿರುಕೊಂದರ ಪಕ್ಕದಲ್ಲಿ, ಎಡಕ್ಕೆ ವಾಲಿಕೊಂಡು. ಹಿಂದಿನ ವರ್ಷದ ಫೋಟೋದಲ್ಲೂ ಅದೇ ಬಿರುಕು, ಅದೇ ವಾಲು, ಅದೇ ಇಲ್ಲದ ಕಾಲು. ನಾಲ್ಕು ವರ್ಷದ ನಾಲ್ಕು ಫೋಟೋಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಇಟ್ಟಳು. ಎಲ್ಲವೂ ಒಂದರೊಳಗೊಂದು ಕೂತವು. ಹೊಸದು ಒಂದೂ ಇರಲಿಲ್ಲ. ಮೂರಾಗಲಿ, ಒಂದಾಗಲಿ, ಎರಡಾಗಲಿ ಕಮ್ಮಿಯಾದದ್ದು ಉದುರಿಬಿದ್ದ ಪೊರೆಗಳಷ್ಟೇ. ನಲವತ್ತೊಂದು, ಸೊನ್ನೆ, ಸೊನ್ನೆ, ಸೊನ್ನೆ. ಆ ಮೂವತ್ತೆಂಟನ್ನು ನಂಬಿ ಸಭೆಯವರು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಹುಳದ ಎದುರು "ಸದ್ಯಕ್ಕೆ ಚಿಂತೆಯಿಲ್ಲ" ಎಂದು ಬರೆದಿದ್ದರು. ಚಿಂತೆಯಿಲ್ಲವಾದ್ದರಿಂದ ಮೇಲಿನ ತೊರೆಯ ಹೆಚ್ಚಿನ ನೀರನ್ನು ಪೈಪಿಗೆ ತಿರುಗಿಸಿದ್ದರು. ಮರಿಗಳು ಕೆಲವೊಮ್ಮೆ ಒಂದು ವರ್ಷ ತಡ ಮಾಡುತ್ತವೆ. ಆ ವರ್ಷ ಬಾರದಿದ್ದವು ಮರುವರ್ಷ ಬರಬಹುದಿತ್ತು, ಹತ್ತಲು ಗೋಡೆಯ ಬುಡದಲ್ಲಿ ನೀರಿದ್ದಿದ್ದರೆ. ಇವತ್ತಿನ ಸಭೆಯಲ್ಲಿ ಅವಳ ಮೂವತ್ತೈದನ್ನು ನಂಬಿ ಮತ್ತೆ "ಚಿಂತೆಯಿಲ್ಲ" ಎಂದು ಬರೆದರೆ ಮುಂದಿನ ತಿಂಗಳು ಕೆಳಗಿನ ತೊರೆಯೂ ಪೈಪಿನೊಳಗೆ. ಕೆಳಗಿನ ತೊರೆಯಲ್ಲಿ ಏನಾದರೂ ಉಳಿದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮೇಲಿನ ಲೆಕ್ಕ ಚೆನ್ನಾಗಿದ್ದದ್ದರಿಂದ ಅಲ್ಲಿಗೆ ಯಾರೂ ಹೋಗಿರಲೇ ಇಲ್ಲ.

ಬಸ್ಸು ಆಸ್ಪತ್ರೆಯ ಗೋಡೆ ದಾಟುವಾಗ ಅಮ್ಮನ ನೆನಪಾಯಿತು. ಕಾಲೇಜಿನ ಕೊನೆಯ ವರ್ಷ, ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಕರೆತಂದಿದ್ದರು. ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿ ಚೀಟಿಯಲ್ಲಿ ಬರೆಯುವ ಕೆಲಸ ಅವಳದು. ಅಮ್ಮ ಅಷ್ಟು ಹಾಯಾಗಿ ಮಲಗಿದ್ದಳು. ಎಬ್ಬಿಸಲು ಮನಸ್ಸಾಗದೆ ಹಿಂದಿನ ಅಂಕಿಯನ್ನೇ ಬರೆದಳು, ಒಂದು ಸಲ ಅಲ್ಲ, ಎರಡು ದಿನ. ನಿಜಕ್ಕೂ ಮನಸ್ಸಾಗದೆಯೋ, ಓದುತ್ತಿದ್ದ ಕಾದಂಬರಿಯನ್ನು ಮುಚ್ಚಲಾಗದೆಯೋ. ಚೀಟಿ ನೋಡಿದ ಡಾಕ್ಟರು "ಇಂಥ ಮಗಳಿದ್ರೆ ನರ್ಸ್ ಯಾಕೆ ಬೇಕು" ಅಂದಿದ್ದರು. ಅಮ್ಮ ಹುಷಾರಾದಳು. ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಅಂದೇ ಬುದ್ಧಿ ಬರುತ್ತಿತ್ತೇ ಎಂದು ಯೋಚಿಸಿ, ಅಮ್ಮನಿಗೆ ಏನಾದರೂ ಆಗಬೇಕಿತ್ತು ಎಂಬಲ್ಲಿಗೆ ತನ್ನ ಯೋಚನೆ ಬಂದು ನಿಂತಿದೆಯೆಂದು ಗೊತ್ತಾಗಿ, ತನ್ನ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮುಂಚೆಯೇ ಇಳಿದುಬಿಟ್ಟಳು.

ಮೂರನೆಯ ಮಹಡಿಯ ಸಭಾಕೊಠಡಿಯ ಹೊರಗೆ ಮೇಷ್ಟ್ರು ಆಗಲೇ ಬಂದು ಕೂತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಈ ಒಂದು ಹುಳದ ಸಭೆಗೆ ಅವರನ್ನು ಕರೆಯುವುದು ರೂಢಿ. ಇಸ್ತ್ರಿ ಮಾಡಿದ ಅಂಗಿ, ಒಂದು ಗುಂಡಿ ತಪ್ಪಿದ ತೂತಿನಲ್ಲಿ. ಪಕ್ಕದ ಸ್ಟೂಲಿನ ಮೇಲೆ ಚಹಾ ಇಟ್ಟಿದ್ದರು. ಅವರು ಬೆರಳಿನಿಂದ ಸ್ಟೂಲಿನ ಅಂಚು ಹಿಡಿದು, ಅಲ್ಲಿಂದ ಮೆಲ್ಲಗೆ ಸರಿದು ಲೋಟವನ್ನು ತಲುಪಿದರು. ಅವಳು ಎರಡು ವರ್ಷದಿಂದ ಇದನ್ನು ಗಮನಿಸುತ್ತಿದ್ದಳು. ಕಾಗದ ಕೊಟ್ಟರೆ ಆಮೇಲೆ ಓದುತ್ತೇನೆ ಅನ್ನುತ್ತಾರೆ. ಎಲ್ಲಿ ಹೋದರೂ ಇಲ್ಲಿ ಬೆಳಕು ಕಮ್ಮಿ ಅನ್ನುತ್ತಾರೆ. ಕಣ್ಣು ಹೋಗಿದೆ ಎಂದು ಅವರು ಯಾರಿಗೂ ಹೇಳಿರಲಿಲ್ಲ, ಅವಳೂ ಗೊತ್ತಿದೆಯೆಂದು ತೋರಿಸಿಕೊಂಡಿರಲಿಲ್ಲ.

"ಯಾರು, ನೀನೇನಾ? ಬಾ ಕೂತ್ಕೋ. ನಿನ್ನ ಚಪ್ಪಲಿ ಸದ್ದು ಇನ್ನೂ ಹಾಗೇ ಇದೆ, ಪರೀಕ್ಷೆಗೆ ತಡವಾದ ಹುಡುಗಿ ಹಾಗೆ. ಈ ಸಲ ಎಷ್ಟು?"

ಅವಳು ಕೂತಳು. ಹೇಳುವುದೆಂದು ನಿಶ್ಚಯಿಸಿರಲಿಲ್ಲ. ಅವರ ಆ ತಪ್ಪಿದ ಗುಂಡಿಯನ್ನು ನೋಡುತ್ತಾ ನೋಡುತ್ತಾ ಬಾಯಿ ತಾನಾಗಿಯೇ ಹೇಳತೊಡಗಿತು: ಎದುರು ದಡ, ದುರ್ಬೀನು, ಎರಡನೆಯ ಅಂಕಣ, ಮುರಿದ ಹಿಂಗಾಲು. ಅಳಬಾರದೆಂದು ತೀರಾ ಒಣ ಸ್ವರದಲ್ಲಿ ಹೇಳಿದಳು, ವರದಿ ಓದುವ ಹಾಗೆ. ಮುಗಿದಾಗ ಮೇಷ್ಟ್ರು ಸ್ಟೂಲಿನ ಅಂಚು ತಡಕಿ ಲೋಟವನ್ನು ಅದರ ಮೇಲಿಟ್ಟರು.

"ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಸರ್."

"ಗಂಡನಿಗೆ?"

"ಇಲ್ಲ."

"ಹಾಗಾದ್ರೆ ಬಿಡು. ಹೇಳಬೇಡ."

ಬೈಗುಳಕ್ಕೆ ಅವಳು ತಯಾರಾಗಿದ್ದಳು. ಇದಕ್ಕಲ್ಲ.

"ಸರ್, ಕೆಳಗಿನ ತೊರೆ..."

"ಕೆಳಗಿನ ತೊರೆಗೆ ಏನಾಗುತ್ತೋ ಅದು ಆಗುತ್ತೆ. ನೀನು ಹೇಳಿದ್ರೂ ಆಗುತ್ತೆ, ಹೇಳದೆ ಇದ್ರೂ ಆಗುತ್ತೆ. ನಿನ್ನ ಕೆಲಸ ಹೋಗುತ್ತೆ, ಅಷ್ಟೇ ವ್ಯತ್ಯಾಸ." ಆಮೇಲೆ ಬೇರೆಯದೇ ದನಿಯಲ್ಲಿ, "ನೋಡಮ್ಮ. ನನಗೆ ಇನ್ನೆಷ್ಟು ವರ್ಷ? ಆ ಪಟ್ಟಿಯಲ್ಲಿ ಅದರ ಎದುರಿಗೆ ಇಲ್ಲ ಅಂತ ಬರೆಯೋದಾದ್ರೆ, ನಾನು ಹೋದ ಮೇಲೆ ಬರ್ಕೊಳ್ಳಿ. ಇಷ್ಟು ಮಾಡಕ್ಕಾಗಲ್ವಾ ನಿನಗೆ?"

ಅವರು ಯಾರನ್ನಾದರೂ ಏನಾದರೂ ಬೇಡಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಉತ್ತರ ಕೊಡುವ ಮೊದಲೇ ಬಾಗಿಲು ತೆರೆದು ಒಳಗೆ ಕರೆದರು.

ಉದ್ದ ಮೇಜು, ಆರೇಳು ಜನ. ಮೇಜಿನ ತುದಿಯಲ್ಲಿ ಅಧ್ಯಕ್ಷೆ, ಕನ್ನಡಕವನ್ನು ತಲೆಗೆ ಏರಿಸಿಕೊಂಡು ಇನ್ನೊಂದು ಕನ್ನಡಕ ಹಾಕಿಕೊಂಡಿದ್ದವರು. ಎದುರಿಗೆ ನೀರಿನ ಇಲಾಖೆಯ ಇಂಜಿನಿಯರು, ಗಂಟಲಿನಲ್ಲೇ ನಗುವ ದಪ್ಪ ಮನುಷ್ಯ. ಕಪ್ಪೆ ಮುಗಿಯಿತು, ಎರಡು ಜಾತಿಯ ಮೀನು ಮುಗಿದವು. ಪ್ರತಿಯೊಂದಕ್ಕೂ ಐದು ನಿಮಿಷ. ಅವಳು ತನ್ನ ಮುಂದಿನ ನೀರಿನ ಲೋಟದ ಮುಚ್ಚಳವನ್ನು ತೆಗೆದಳು, ಹಾಕಿದಳು. ಹೇಳದಿದ್ದರೆ ಐದು ನಿಮಿಷ, ಆಮೇಲೆ ಊಟ. ಗುರುವಿನ ಮಾತು ನಡೆಸಿದ ಹಾಗೂ ಆಯಿತು. ತನ್ನ ಹೇಡಿತನಕ್ಕೆ ಇಷ್ಟು ಒಳ್ಳೆಯ ಹೊದಿಕೆ ಬದುಕಿನಲ್ಲಿ ಮೊದಲ ಸಲ ಸಿಕ್ಕಿತ್ತು.

"ಮುಂದಿಂದು ಮೇಷ್ಟ್ರ ಡ್ರ್ಯಾಗನ್‌ಫ್ಲೈ," ಅಧ್ಯಕ್ಷೆ ಹಾಳೆ ತಿರುಗಿಸಿದರು. "ಮೂವತ್ತೈದು. ಹೋದ ಸಲದ ಹಾಗೇ ಅಲ್ವಾ? ಸದ್ಯಕ್ಕೆ ಚಿಂತೆಯಿಲ್ಲ ಅಂತ ಬರ್ಕೊಳ್ಲಾ?"

"ಇಲ್ಲ ಮೇಡಂ," ಅಂದಳು. ತನ್ನ ದನಿ ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಕೇಳಿದ್ದಕ್ಕೆ ತಾನೇ ಬೆಚ್ಚಿದಳು. "ಮೂವತ್ತೈದಲ್ಲ. ಸೊನ್ನೆ. ಮೂರು ವರ್ಷದಿಂದ ಸೊನ್ನೆ."

ಎರಡನೆಯ ಸಲ ಹೇಳುವುದು ಸುಲಭವಾಗಿರುತ್ತದೆ ಅಂದುಕೊಂಡಿದ್ದಳು. ಆಗಿರಲಿಲ್ಲ. ಮಣಿಕಟ್ಟಿನ ವಿಷಯ ಬಂದಾಗ ಅದು ನೆಪದ ಹಾಗೆ ಕೇಳಿಸಿತು, ಅರ್ಧಕ್ಕೇ ಬಿಟ್ಟಳು. ಮೊದಲು ಮಾತಾಡಿದ್ದು ಇಂಜಿನಿಯರು.

"ಅಂದ್ರೆ, ಮೇಡಂ, ನಾವೆಲ್ಲ ಸಿಪ್ಪೆಗೆ ಮರ್ಯಾದೆ ಕೊಟ್ಟು ಇಷ್ಟು ವರ್ಷ ಸಭೆ ಮಾಡಿದ್ವಾ?" ಒಂದಿಬ್ಬರು ನಕ್ಕರು. ನಗು ಮುಗಿಯುವ ಮೊದಲೇ ಮೇಷ್ಟ್ರು ಕೈ ಎತ್ತಿದರು.

"ಆಕೆಗೆ ಹುಷಾರಿಲ್ಲ. ಒಂದು ವಾರದಿಂದ ನಿದ್ದೆ ಮಾಡಿಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ," ಎಂದರು, ಅವಳು ಕೂತಿದ್ದ ಕಡೆಗೆ ಅಲ್ಲ, ಅವಳ ಪಕ್ಕದ ಖಾಲಿ ಕುರ್ಚಿಯ ಕಡೆಗೆ ನೋಡುತ್ತಾ. "ಪೊರೆ ಬಿಡಿ. ಹುಳಾನೇ ನಾನು ನೋಡಿದ್ದೀನಿ. ಹೋದ ವರ್ಷ, ಮೇಲಿನ ಸೇತುವೆ ಹತ್ರ, ಸಂಜೆ. ಎಂಟು ಹತ್ತು ಹಾರ್ತಾ ಇದ್ದವು."

ಕೋಣೆಯ ಉಸಿರು ಸಡಿಲವಾದದ್ದು ಅವಳಿಗೆ ಕೇಳಿಸಿತು. "ಹಂಗಾದ್ರೆ ಪೈಪಿನಿಂದ ಏನೂ ತೊಂದರೆಯಾಗಿಲ್ಲ ಅಂತಾಯ್ತಲ್ಲ. ದೊಡ್ಡವರೇ ಕಣ್ಣಾರೆ ನೋಡಿದ್ದಾರೆ ಅಂದ ಮೇಲೆ ಕೆಳಗಿನದಕ್ಕೂ ಅಡ್ಡಿಯಿಲ್ಲ," ಎಂದು ಇಂಜಿನಿಯರು ಕುರ್ಚಿಗೆ ಒರಗಿದ. ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. "ತಜ್ಞರು ಪ್ರತ್ಯಕ್ಷ ಕಂಡಿದ್ದಾರೆ ಅಂತ ಬರ್ಕೊಳ್ತೀನಿ. ನೀವು ರಜ ಹಾಕಿ ಸ್ವಲ್ಪ ವಿಶ್ರಾಂತಿ ತಗೊಳ್ಳಿ."

ಯಾರಿಗೂ ಅವಳ ಮೇಲೆ ಕೋಪವಿರಲಿಲ್ಲ. ಎಲ್ಲರ ಮುಖದಲ್ಲೂ ಕರುಣೆಯಿತ್ತು. ಕರುಣೆಯೊಳಗೆ ಸೇರಿಕೊಂಡು ಮಲಗಿಬಿಡಬಹುದಿತ್ತು. ಮೇಷ್ಟ್ರ ಮುಖ ಇನ್ನೂ ಆ ಖಾಲಿ ಕುರ್ಚಿಯ ಕಡೆಗೇ ಇತ್ತು. ತನ್ನನ್ನು ಉಳಿಸಲು ಹೇಳಿದರೋ, ಹುಳವನ್ನು ಉಳಿಸಿಕೊಳ್ಳಲು ಹೇಳಿದರೋ? ಅವರ ಕಣ್ಣೊಳಗೆ ಅವು ನಿಜಕ್ಕೂ ಇನ್ನೂ ಹಾರುತ್ತಿರಬಹುದು, ಎಂಟು ಹತ್ತು. ಅಲ್ಲಿಂದ ಅವುಗಳನ್ನು ಓಡಿಸಲು ತಾನು ಯಾರು? ಪೆನ್ನು ಕಾಗದಕ್ಕೆ ತಾಗಿತು.

"ಸರ್," ಅಂದಳು. "ನಿಮ್ಮ ಮುಂದೆ ಒಂದು ಹಾಳೆ ಇದೆ. ಅದರಲ್ಲಿ ಮೊದಲನೇ ಸಾಲು ಓದ್ತೀರಾ?"

ಮೇಷ್ಟ್ರು ಮುಖವನ್ನು ಅವಳ ದನಿ ಬಂದ ಕಡೆಗೆ ತಿರುಗಿಸಿದರು.

"ಇದೇನು ರೀ?" ಅಧ್ಯಕ್ಷೆ ಅಂದರು.

"ದೊಡ್ಡ ಅಕ್ಷರದಲ್ಲಿದೆ ಸರ್."

ಅವರ ಕೈ ಮೇಜಿನ ಮೇಲೆ ಸರಿದು ಹಾಳೆಯನ್ನು ಮುಟ್ಟಿತು. ಎತ್ತಿ ಮುಖದ ಹತ್ತಿರ ತಂದರು. ಹೆಬ್ಬೆರಳು ಹಾಳೆಯ ಅಂಚನ್ನು ಸವರುತ್ತಿತ್ತು, ಅಂಚಿನಿಂದಾದರೂ ಏನಾದರೂ ತಿಳಿಯುತ್ತದೇನೋ ಅನ್ನುವ ಹಾಗೆ. ಅವಳು ಕಣ್ಣು ಮುಚ್ಚಲಿಲ್ಲ; ಅಷ್ಟಾದರೂ ಮಾಡಬೇಕೆಂದು ನೋಡುತ್ತಲೇ ಇದ್ದಳು. "ಇಲ್ಲಿ ಬೆಳಕು..." ಎಂದು ಶುರುಮಾಡಿ ಮೇಷ್ಟ್ರು ನಿಲ್ಲಿಸಿದರು. ಆ ಕೋಣೆಯಲ್ಲಿ ನಾಲ್ಕು ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಹಾಳೆಯನ್ನು ಮಡಿಸಿದರು, ಇನ್ನೊಮ್ಮೆ ಮಡಿಸಿದರು, ಮೇಜಿನ ಮೇಲಿಟ್ಟರು.

"ಆಕೆ ಹೇಳಿದ್ದು ಸರಿ," ಎಂದರು. "ನಾನು ನೋಡಿಲ್ಲ."

ಆಮೇಲಿನದು ಬೇಗ ಮುಗಿಯಿತು. ಪಟ್ಟಿಯಲ್ಲಿ "ತೀರಾ ಅಪಾಯದಲ್ಲಿದೆ, ಬಹುಶಃ ಉಳಿದಿಲ್ಲ" ಎಂದಾಯಿತು. ಕೆಳಗಿನ ತೊರೆಯ ಕೆಲಸ ಒಂದು ವರ್ಷ ತಡೆ, ಅಲ್ಲಿ ಎಣಿಕೆಯಾಗುವವರೆಗೆ. ಎಣಿಕೆಗೆ ಬೇರೆಯವರು ಹೋಗುತ್ತಾರೆ. ಅವಳು ಸೋಮವಾರದೊಳಗೆ ಲಿಖಿತ ವಿವರಣೆ ಕೊಡಬೇಕು. ಇಂಜಿನಿಯರು ಫೈಲು ಕಟ್ಟಿಕೊಂಡ. ಗೆದ್ದ ಹಾಗೆ ಏನೂ ಅನ್ನಿಸಲಿಲ್ಲ. ಹಗುರವೂ ಆಗಲಿಲ್ಲ. ನಲವತ್ತು ವರ್ಷ ಬೆಳಗಾಗುವ ಮುಂಚೆ ಎದ್ದು ಆಕಾಶ ನೋಡಿದ ಮನುಷ್ಯನಿಂದ ಏಳು ಜನರೆದುರು "ನಾನು ನೋಡಿಲ್ಲ" ಅನ್ನಿಸಿದ್ದೆ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು.

ಹೊರಗೆ ಎಲ್ಲರೂ ಲಿಫ್ಟಿನ ಮುಂದೆ ಗುಂಪಾಗಿ ನಿಂತಿದ್ದರು. ಮೇಷ್ಟ್ರು ಗೋಡೆ ಹಿಡಿದುಕೊಂಡು ಅವರನ್ನು ದಾಟಿ, ಅವರ ಮಾತು ಕೇಳಿಸದ ಕಡೆಗೆ, ಹಿಂದಿನ ಮೆಟ್ಟಿಲುಗಳ ಕಡೆಗೆ ನಡೆದರು. ಅವಳು ಎರಡು ಹೆಜ್ಜೆ ಹಿಂದೆ. ಕೈ ಹಿಡಿಯಲು ಹೋಗಲಿಲ್ಲ. ಆ ಹಕ್ಕು ಇನ್ನು ತನಗಿಲ್ಲ. ಮೆಟ್ಟಿಲ ಅಂಚಿಗೆ ಬಂದು ಅವರು ನಿಂತರು. ಚಪ್ಪಲಿಯ ತುದಿಯಿಂದ ಅಂಚನ್ನು ಮುಟ್ಟಿ ನೋಡಿದರು.

"ಹಿಂದೆ ಇದ್ದೀಯಲ್ಲ," ಎಂದರು, ತಿರುಗದೆ.

"ಇದ್ದೀನಿ ಸರ್."

"ತಿರುವಿನ ತನಕ ಎಷ್ಟು ಮೆಟ್ಟಿಲು?"

ಅವಳು ಬಗ್ಗಿ ನೋಡಿದಳು. ಬೂದು ಕಲ್ಲು, ಸವೆದ ಅಂಚುಗಳು, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಎರಡು ಮೆಟ್ಟಿಲು ಒಂದರ ಹಾಗೆ ಕಾಣುತ್ತಿದ್ದವು. ಮೇಲಿನಿಂದ ಕೆಳಕ್ಕೆ ಎಣಿಸಿದಳು. ಅವರನ್ನು ದಾಟಿ ಕೆಳಗಿಳಿದು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ಮುಟ್ಟುತ್ತಾ ತಿರುವಿನವರೆಗೆ ಹೋಗಿ, ಮತ್ತೆ ಎಣಿಸುತ್ತಾ ಹತ್ತಿ ಬಂದಳು.

"ಹದಿಮೂರು, ಸರ್."

ಮೇಷ್ಟ್ರು ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಇಳಿಯತೊಡಗಿದರು. ಅವಳು ಪಕ್ಕದಲ್ಲೇ, ಮುಟ್ಟದೆ, ಇಳಿದಳು. ತುಟಿಯೊಳಗೇ ಅವರು ಎಣಿಸುತ್ತಿದ್ದದ್ದು ಕೇಳಿಸುತ್ತಿತ್ತು. ಹನ್ನೊಂದು. ಹನ್ನೆರಡು. ಹದಿಮೂರಕ್ಕೆ ಅವರ ಎರಡೂ ಪಾದ ನೆಲದ ಮೇಲೆ ನಿಂತವು. ಆದರೂ ಅವರು ಕಂಬಿ ಬಿಡಲಿಲ್ಲ. ಬಲಗಾಲನ್ನು ಎತ್ತಿ, ಮುಂದಕ್ಕೆ ಚಾಚಿ, ಸಮತಟ್ಟಾದ ನೆಲದ ಮೇಲೆ ಹದಿನಾಲ್ಕನೆಯ ಮೆಟ್ಟಿಲಿಗಾಗಿ ಮೆಲ್ಲಗೆ ತಡಕಿದರು.

"ಅಷ್ಟೇ ಸರ್," ಅಂದಳು. "ನೆಲ ಬಂತು."

ಪಾದ ಇನ್ನೂ ತಡಕುತ್ತಲೇ ಇತ್ತು.